ದವಡೆ ಹಲ್ಲು ಅರ್ಧ ಹೋಗಿದ್ದರೆ: ಇನ್‌ಲೇ, ಆನ್‌ಲೇ ಮಾಡಿಸಿಕೊಳ್ಳುವುದು ಹೇಗೆ

ತೀರ್ಥಹಳ್ಳಿಯ ಒಂದು ಹಲ್ಲಿನ ಕ್ಲಿನಿಕ್‌ನಲ್ಲಿ ನಾನು ಅಸಿಸ್ಟೆಂಟ್. ಡಾಕ್ಟರ್ ಮೇಡಂ ಪಕ್ಕ ನಿಂತು ಬಾಯಿಯ ನೀರು ಎಳೆಯುವ ಪೈಪ್ ಹಿಡಿಯುವುದು, ಹಲ್ಲಿನ ಅಚ್ಚು ತೆಗೆಯುವ ಪುಟ್ಟಿ ಕಲಸುವುದು, ಆ ಅಚ್ಚನ್ನು, ಅಂದರೆ ಅಳತೆಯನ್ನು, ಪ್ಯಾಕ್ ಮಾಡಿ ಶಿವಮೊಗ್ಗದ ಬಸ್ಸಿಗೆ ಕೊಟ್ಟು ಲ್ಯಾಬಿಗೆ ಫೋನ್ ಮಾಡುವುದು ನನ್ನ ಕೆಲಸ. ಒಳಗೆ ಡಾಕ್ಟರ ಹತ್ತಿರ ಕೇಳಲು ಸಂಕೋಚಪಟ್ಟವರು ಹೊರಗೆ ಬಂದು ನನ್ನ ಹತ್ತಿರ ಕೇಳುತ್ತಾರೆ. ಜಾಸ್ತಿ ಕೇಳುವುದು ಇದನ್ನೇ: "ತಂಗಿ, ಸಿಮೆಂಟ್ ತುಂಬಿಸಿದ್ರೆ ಸಾಕಾಗಲ್ವಾ? ಈ ಆನ್‌ಲೇ ಅಂದ್ರೆ ಏನು?"

ಸಣ್ಣ ಹುಳುಕಿಗೆ ಸಿಮೆಂಟ್ ಸಾಕು. ಅದಕ್ಕೆ ಸುಮ್ನೆ ದುಡ್ಡು ಹಾಕಬೇಡಿ. ಗುಂಡಿ ದೊಡ್ಡದಾದಾಗ ಮಾತ್ರ ಈ ಪ್ರಶ್ನೆ ಬರುತ್ತದೆ.

ದವಡೆ ಹಲ್ಲಿನ ತಲೆಯ ಮೇಲೆ ನಾಲ್ಕೈದು ಮೊನೆಗಳಿರುತ್ತವೆ. ನಾಲಿಗೆ ಆಡಿಸಿದರೆ ತಿಳಿಯುತ್ತದೆ. ಆ ಮೊನೆಗಳ ನಡುವಿನ ಗುಂಡಿಯಲ್ಲಿ ಮಾತ್ರ ಕೂರುವ ತುಂಡು ಇನ್‌ಲೇ. ಮೊನೆ ಮುರಿದಿದ್ದರೆ ಅಥವಾ ತೆಳ್ಳಗಾಗಿದ್ದರೆ ಅದನ್ನೂ ಸೇರಿಸಿ ಮುಚ್ಚುವ ತುಂಡು ಆನ್‌ಲೇ. ಕ್ಯಾಪ್ ಹಾಕಬೇಕಾದರೆ ಹಲ್ಲನ್ನು ಸುತ್ತಲೂ ಅರೆಯಬೇಕು, ಚೆನ್ನಾಗಿರುವ ಭಾಗವೂ ಹೋಗುತ್ತದೆ. ಆನ್‌ಲೇಯಲ್ಲಿ ಗಟ್ಟಿ ಇರುವ ಭಾಗ ಹಾಗೇ ಉಳಿಯುತ್ತದೆ. ಒಮ್ಮೆ ಅರೆದ ಹಲ್ಲು ಮತ್ತೆ ಬೆಳೆಯುವುದಿಲ್ಲ ಅಲ್ವಾ, ಅದಕ್ಕೇ ನಾನು ಇದರ ಪರ ಇಷ್ಟು ಮಾತಾಡುವುದು.

ಸಿಮೆಂಟಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ, ಈ ತುಂಡು ಬಾಯಿಯ ಹೊರಗೆ, ಲ್ಯಾಬಿನಲ್ಲಿ ತಯಾರಾಗುತ್ತದೆ. ಹಲ್ಲಿನ ಬಣ್ಣದ ಸಿಮೆಂಟ್ ನೀಲಿ ಬೆಳಕಿನಲ್ಲಿ ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುತ್ತದೆ. ಗುಂಡಿ ದೊಡ್ಡದಿದ್ದರೆ ಆ ಕುಗ್ಗುವಿಕೆಯಿಂದ ಅಂಚಿನಲ್ಲಿ ಸಂದು ಬಿಡಬಹುದು, ಅಲ್ಲಿಂದ ಮತ್ತೆ ಹುಳುಕು. ಇನ್‌ಲೇ, ಆನ್‌ಲೇಯಲ್ಲಿ ಬಾಯೊಳಗೆ ಗಟ್ಟಿಯಾಗುವುದು ಅಂಟಿಸುವ ತೆಳು ಪದರ ಮಾತ್ರ.

ಯಾರು ಇದರ ಬಗ್ಗೆ ಕೇಳಬೇಕು? ಊಟವಾದ ಮೇಲೆಲ್ಲ ಒಂದೇ ಸಂದಿಯಲ್ಲಿ ಅನ್ನ ಸಿಕ್ಕಿಕೊಳ್ಳುವವರು. ಹಳೇ ಬೆಳ್ಳಿ ಬಣ್ಣದ ಫಿಲ್ಲಿಂಗಿನ ಪಕ್ಕ ಗೆರೆ ಕಾಣುವವರು. ಕಚ್ಚಿ ಬಿಡುವಾಗ ಚುಳ್ ಎನ್ನುವವರು. ಕಚ್ಚುವಾಗ ಬರುವುದಕ್ಕಿಂತ ಬಿಡುವಾಗ ಜಾಸ್ತಿ ನೋವು ಬಂದರೆ ಹಲ್ಲು ಬಿರುಕು ಬಿಟ್ಟಿರುವ ಸಾಧ್ಯತೆ ಇದೆ. ದೊಡ್ಡ ಫಿಲ್ಲಿಂಗಿನ ಸುತ್ತ ಹಲ್ಲಿನ ಗೋಡೆ ತೆಳ್ಳಗೆ ಉಳಿದಿದ್ದರೆ, ಅಡಿಕೆ ಕಡಿದಾಗಲೆಲ್ಲ ಆ ಫಿಲ್ಲಿಂಗ್ ಸೌದೆಗೆ ಬೆಣೆ ಹೊಡೆದ ಹಾಗೆ ಹಲ್ಲನ್ನು ಸೀಳುತ್ತದೆ. ಆರನೇ ವಯಸ್ಸಿಗೆ ಬರುವ ಮೊದಲ ದವಡೆ ಹಲ್ಲನ್ನು ಸ್ವಲ್ಪ ಜಾಸ್ತಿ ಗಮನಿಸಿ. ಹಾಲು ಹಲ್ಲು ಅಂದುಕೊಂಡು ಮನೆಯವರು ಬಿಟ್ಟಿರುತ್ತಾರೆ. ಅದು ಬಿದ್ದು ಮತ್ತೆ ಬರುವ ಹಲ್ಲಲ್ಲ.

ಡಾಕ್ಟರ ಹತ್ತಿರ ಕೇಳಬೇಕಾದ್ದನ್ನು ಬರೆದುಕೊಂಡು ಹೋಗಿ. ಒಳಗಿನ ನರ ಚೆನ್ನಾಗಿದೆಯಾ? ಎಕ್ಸ್‌ರೇಯಲ್ಲಿ ಹುಳುಕು ಎಷ್ಟು ಆಳ ಇದೆ? ಮುರಿದದ್ದು ವಸಡಿನ ಕೆಳಗೆ ಹೋಗಿದೆಯಾ? ಉಳಿದ ಗೋಡೆ ಎಷ್ಟು ದಪ್ಪ ಇದೆ? ಗೋಡೆ ಸುಮಾರು 2 ಮಿಲಿಮೀಟರಿಗಿಂತ ತೆಳ್ಳಗಿದ್ದರೆ ಇನ್‌ಲೇಗಿಂತ ಮೊನೆ ಮುಚ್ಚುವ ಆನ್‌ಲೇ ಒಳ್ಳೆಯದು. ರೂಟ್ ಕೆನಾಲ್ ಆದ ದವಡೆ ಹಲ್ಲಿಗೂ ಸಾಮಾನ್ಯವಾಗಿ ಮೊನೆ ಮುಚ್ಚಲೇಬೇಕು. ಗೋಡೆಯೇ ಉಳಿದಿಲ್ಲ ಎಂದರೆ ಕ್ಯಾಪ್ ಬೇಕಾಗಬಹುದು, ಆಗ ಆನ್‌ಲೇಗೆ ಹಟ ಮಾಡಬೇಡಿ. ರಾತ್ರಿ ಹಲ್ಲು ಕಡಿಯುವ ಅಭ್ಯಾಸ ಇದ್ದರೆ ನೀವಾಗಿಯೇ ಹೇಳಿ. ನಿಮ್ಮ ಮನೆಯವರಿಗೆ ಅದು ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ನಿಮ್ಮದೇ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ ಬಾಯಿಗೆ ಇಟ್ಟು ನೋಡಿ. ಹೋಗದಿದ್ದರೆ ಮೊದಲು ಅದನ್ನೇ ತೋರಿಸಿ. ವರ್ಷಗಟ್ಟಲೆ ಅಡಿಕೆ ಜಗಿದವರಿಗೆ ಕೆನ್ನೆಯ ಒಳಭಾಗ ಬಿಗಿಯಾಗಿ ಬಾಯಿ ತೆರೆಯುವುದು ಕಡಿಮೆಯಾಗಬಹುದು. ಮುಂದೆ ಅದು ಕ್ಯಾನ್ಸರ್ ಕಡೆಗೂ ಹೋಗಬಹುದು. ಅಡಿಕೆ ತೋಟ ನಮಗೆ ಅನ್ನ ಕೊಡುತ್ತದೆ, ನಿಜ. ಆದರೂ ಇದನ್ನು ಹೇಳದೆ ಇರಲು ನನ್ನಿಂದ ಆಗುವುದಿಲ್ಲ. ಬಾಯಿ ತೆರೆಯದಿದ್ದರೆ ಹಿಂದಿನ ಹಲ್ಲಿಗೆ ಡ್ರಿಲ್ ತಲುಪುವುದೂ ಕಷ್ಟ.

ಯಾವುದರಲ್ಲಿ ಮಾಡಿಸುವುದು? ಸಿರಾಮಿಕ್ ಹಲ್ಲಿನ ಬಣ್ಣಕ್ಕೇ ಬರುತ್ತದೆ. ಆದರೆ ಮೊನೆಯ ಮೇಲೆ ಅದಕ್ಕೆ ಸುಮಾರು 1.5ರಿಂದ 2 ಮಿಲಿಮೀಟರ್ ಜಾಗ ಬೇಕು. ಕಾಂಪೊಸಿಟ್ ಅಂದರೆ ಹಲ್ಲಿನ ಬಣ್ಣದ ಸಿಮೆಂಟಿನ ಜಾತಿಯದೇ; ಅಗ್ಗ, ರಿಪೇರಿ ಸುಲಭ, ಬೇಗ ಸವೆಯುತ್ತದೆ. ಚಿನ್ನ ತೆಳ್ಳಗಿದ್ದರೂ ತಡೆಯುತ್ತದೆ, ಎದುರಿನ ಹಲ್ಲನ್ನೂ ಅಷ್ಟಾಗಿ ಸವೆಸುವುದಿಲ್ಲ. ಇಲ್ಲಿ ಅದನ್ನು ಕೇಳುವವರು ಕಡಿಮೆ. ಲ್ಯಾಬ್ ಖರ್ಚು ಸೇರಿ ಒಟ್ಟು ಎಷ್ಟಾಗುತ್ತದೆ ಎಂದು ಶುರುವಿನಲ್ಲೇ ಕೇಳಿ.

ಮೊದಲ ಸಲ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಹುಳುಕು, ಹಳೇ ಫಿಲ್ಲಿಂಗ್ ತೆಗೆಯುತ್ತಾರೆ. ಗುಂಡಿಯ ಗೋಡೆ ಮೇಲಕ್ಕೆ ಸ್ವಲ್ಪ ಅಗಲವಾಗುವಂತೆ ರೂಪ ಕೊಡುತ್ತಾರೆ, ಇಲ್ಲದಿದ್ದರೆ ತುಂಡು ಒಳಗೆ ಇಳಿಯುವುದಿಲ್ಲ. ಆಮೇಲೆ ಪುಟ್ಟಿಯಲ್ಲೋ ಸ್ಕ್ಯಾನರ್‌ನಲ್ಲೋ ಅಳತೆ. ಪುಟ್ಟಿ ಬಾಯಲ್ಲಿರುವಾಗ ಮೂಗಿನಿಂದ ಉಸಿರಾಡಿ, ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ, ವಾಕರಿಕೆ ಕಡಿಮೆಯಾಗುತ್ತದೆ. ಅಲುಗಿದರೆ ಅಳತೆ ಕೆಡುತ್ತದೆ. ಕೊನೆಗೆ ಟೆಂಪರರಿ ಫಿಲ್ಲಿಂಗ್ ಹಾಕಿ ಕಳಿಸುತ್ತಾರೆ.

ಇಲ್ಲಿಂದಲೇ ತೊಂದರೆ ಶುರು. ನೋವು ಹೋಯಿತು, ಕೊಯ್ಲು ಬಂತು, ಮಳೆ ಹಿಡಿಯಿತು ಎಂದು ಜನ ಎರಡನೇ ಸಲ ಬರುವುದೇ ಇಲ್ಲ. ಟೆಂಪರರಿ ಇರುವುದು ಒಂದೆರಡು ವಾರಕ್ಕೆ. ಕೊಯ್ಲು ಮುಗಿಸಿ ಬಂದ ಒಬ್ಬರು ಹಿರಿಯರಿಗೆ ಪಕ್ಕದ ಹಲ್ಲು ವಾಲಿ, ಮಾಡಿಟ್ಟಿದ್ದ ಆನ್‌ಲೇ ಕೂರಲೇ ಇಲ್ಲ. ಮತ್ತೆ ಅಳತೆ, ಮತ್ತೆ ಲ್ಯಾಬ್. ಎರಡೂ ದಿನ ಬರಲು ಆಗುತ್ತದೆಯೇ ಎಂದು ನೋಡಿಕೊಂಡೇ ಶುರು ಮಾಡಿಸಿ.

ಟೆಂಪರರಿ ಇರುವಾಗ ಆ ಕಡೆ ಜೋನಿ ಬೆಲ್ಲ, ಹಲಸಿನ ಹಣ್ಣು, ಚಕ್ಕುಲಿ, ಎಲೆ ಅಡಿಕೆ ಬೇಡ. ಕಡುಬು, ಗಂಜಿ ತಿನ್ನಿ. ಬ್ರಷ್ ಬಿಡಬೇಡಿ. ಹಲ್ಲಿನ ಸಂದಿ ಶುಚಿ ಮಾಡಲು ದಾರ ಹಾಕಿದರೆ ಮೇಲಕ್ಕೆ ಎಳೆಯದೆ ಪಕ್ಕಕ್ಕೆ ಎಳೆದು ತೆಗೆಯಿರಿ. ಲವಂಗದ ಎಣ್ಣೆ ಹಚ್ಚಿದ್ದರೆ ತಪ್ಪದೆ ಹೇಳಿ. ಅದರಲ್ಲಿರುವ ಯೂಜಿನಾಲ್, ಅಂಟಿಸುವ ಸಿಮೆಂಟ್ ಸರಿಯಾಗಿ ಗಟ್ಟಿಯಾಗಲು ಬಿಡುವುದಿಲ್ಲ.

ಎರಡನೇ ಸಲ ತುಂಡನ್ನು ಇಟ್ಟು ನೋಡಿ, ಹಲ್ಲನ್ನು ಆ್ಯಸಿಡ್ ಜೆಲ್‌ನಿಂದ ಒರಟು ಮಾಡಿ, ತೊಳೆದು, ಅಂಟಿಸಿ, ಬೆಳಕು ಹಿಡಿಯುತ್ತಾರೆ. ಆ ಹೊತ್ತಿನಲ್ಲಿ ಎಂಜಲು ತಾಗಿದರೆ ಅಂಟು ಹಿಡಿಯುವುದಿಲ್ಲ. ದಯವಿಟ್ಟು ನಾಲಿಗೆ ಆಡಿಸಬೇಡಿ, ಮಾತಾಡಬೇಡಿ, ಬೇಕಾದರೆ ಕೈ ಎತ್ತಿ. ಸಿರಾಮಿಕ್ ಅಂಟುವ ಮುಂಚೆ ಸೂಕ್ಷ್ಮ, ಜೋರಾಗಿ ಕಚ್ಚಿದರೆ ಒಡೆಯಬಹುದು. ಆದ್ದರಿಂದ ಕಚ್ಚಿಸಿ ನೋಡುವುದು ಕೊನೆಗೆ. ಬಣ್ಣದ ಕಾಗದ ಕಚ್ಚಿದಾಗ ಎತ್ತರ ಅನ್ನಿಸಿದರೆ ಸಂಕೋಚ ಬೇಡ, ಹೇಳಿಬಿಡಿ. ಮರಗಟ್ಟಿದ ಬಾಯಿಗೆ ಅಲ್ಲಿ ಗೊತ್ತಾಗದೆ ಮನೆಗೆ ಹೋದ ಮೇಲೆ ಗೊತ್ತಾದರೆ ಮಾರನೇ ದಿನ ಫೋನ್ ಮಾಡಿ. ಎತ್ತರ ಉಳಿದರೆ ಹಲ್ಲು ನೋಯುತ್ತದೆ, ತುಂಡೂ ಒಡೆಯಬಹುದು. ತಣ್ಣೀರಿಗೆ ಕೆಲವು ದಿನ ಜುಮ್ಮೆನ್ನಬಹುದು. ಅದು ಕಡಿಮೆಯಾಗುತ್ತಾ ಬರಬೇಕು. ರಾತ್ರಿ ಎಬ್ಬಿಸುವ ನೋವು ಬಂದರೆ ಕಾಯಬೇಡಿ.

ಯಾವಾಗಲಾದರೂ ತುಂಡು ಕಳಚಿ ಬಂದರೆ ಎಸೆಯಬೇಡಿ. ಫೆವಿಕ್ವಿಕ್ ಹಾಕಿ ಅಂಟಿಸಲೂ ಬೇಡಿ. ನೀರಲ್ಲಿ ತೊಳೆದು, ಸಣ್ಣ ಡಬ್ಬಿಯಲ್ಲಿ ಹಾಕಿ, ಒಂದೆರಡು ದಿನದೊಳಗೆ ತಂದುಕೊಡಿ. ಒಡೆಯದೆ ಇದ್ದರೆ, ಒಳಗೆ ಹೊಸ ಹುಳುಕು ಇಲ್ಲದಿದ್ದರೆ, ಎಷ್ಟೋ ಸಲ ಅದನ್ನೇ ತಿರುಗಿ ಅಂಟಿಸಬಹುದು.