ರಿಪೋರ್ಟ್ ನಾರ್ಮಲ್, ಮೈ ಮಾತ್ರ ಸೋತಿದೆ: ಖಿನ್ನತೆಯನ್ನು ದೇಹದ ಕಡೆಯಿಂದ ನಿಭಾಯಿಸುವುದು ಹೇಗೆ

ನಮ್ಮ ಕಡೆ ಖಿನ್ನತೆ ಇರುವವರು ಡಾಕ್ಟರ ಮುಂದೆ ಕೂತು "ಮನಸ್ಸಿಗೆ ಬೇಜಾರು" ಎಂದು ಹೇಳುವುದು ಕಡಿಮೆ. ಮೈಕೈ ನೋವು, ತಲೆ ಭಾರ, ಸುಸ್ತು, ಗ್ಯಾಸ್, ಎದೆ ಡವಡವ, ಊಟ ಸೇರಲ್ಲ, ನಿದ್ದೆ ಇಲ್ಲ ಎಂದೇ ಹೇಳುತ್ತಾರೆ. ಇದರಲ್ಲಿ ನಾಟಕವೇನೂ ಇಲ್ಲ, ಅವರನ್ನು ಕಾಡುತ್ತಿರುವುದು ನಿಜವಾಗಿಯೂ ಅದೇ. ರಕ್ತ ಪರೀಕ್ಷೆ, ಇಸಿಜಿ, ಸ್ಕ್ಯಾನಿಂಗ್ ಎಲ್ಲ ಮುಗಿದು "ಏನೂ ಇಲ್ಲ, ನಾರ್ಮಲ್" ಎಂದು ಕಳಿಸಿದ ಮೇಲೂ ನೋವು ಹಾಗೇ ಉಳಿದರೆ, ಅದು ಸುಳ್ಳು ನೋವಲ್ಲ. ಖಿನ್ನತೆ ದೇಹದೊಳಗೇ ನಡೆಯುವ ಕಾಯಿಲೆ. ಅದನ್ನು ಹಿಡಿಯಲು ದೇಹದ ಕಡೆಯಿಂದಲೂ ದಾರಿ ಇದೆ.

ಮೈಯೊಳಗೆ ಆಗುವುದೇನು

ಸಿರೊಟೋನಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಮನಸ್ಥಿತಿಗೆ ಮಾತ್ರ ಸಂಬಂಧಿಸಿದವಲ್ಲ. ಬೆನ್ನುಹುರಿಯಿಂದ ಮೇಲೆ ಬರುವ ನೋವಿನ ಸಂದೇಶವನ್ನು ತಗ್ಗಿಸುವ ಕೆಲಸವೂ ಅವುಗಳದೇ. ಖಿನ್ನತೆಯಲ್ಲಿ ಈ ತಡೆ ಸಡಿಲವಾಗುತ್ತದೆ. ಮೊದಲಿಂದ ಇದ್ದ ಸೊಂಟನೋವು ಎರಡು ಪಟ್ಟಾಗಿ ತೋರುತ್ತದೆ, ಕತ್ತು ಭುಜ ಬಿಗಿಯುತ್ತವೆ. ಒತ್ತಡದ ಹಾರ್ಮೋನು ಕಾರ್ಟಿಸಾಲ್ ಏರುವ, ಇಳಿಯುವ ಹೊತ್ತು ಹಲವರಲ್ಲಿ ಕೆಡುತ್ತದೆ. ಕರುಳು ಮತ್ತು ಮೆದುಳು ನರದ ಮೂಲಕ ಸದಾ ಸಂಪರ್ಕದಲ್ಲಿರುವುದರಿಂದ ಮಲಬದ್ಧತೆ, ಹೊಟ್ಟೆ ತೊಳಸು, ಕೆಲವರಿಗೆ ಪದೇಪದೇ ಭೇದಿ.

ನಿದ್ದೆಯಲ್ಲಿ ಒಂದು ಗುರುತು ವಿಶೇಷವಾದದ್ದು. ಹತ್ತಕ್ಕೆ ಮಲಗಿದರೆ ನಿದ್ದೆ ಬರುತ್ತದೆ, ಆದರೆ ಬೆಳಗಿನ ಜಾವ ಮೂರಕ್ಕೋ ನಾಲ್ಕಕ್ಕೋ ಥಟ್ಟನೆ ಎಚ್ಚರವಾಗಿ ಮತ್ತೆ ಕಣ್ಣು ಮುಚ್ಚುವುದಿಲ್ಲ. ಬೆಳಿಗ್ಗೆ ಮೈ ಎತ್ತಲಾಗದಷ್ಟು ಭಾರ, ಸಂಜೆ ಹೊತ್ತಿಗೆ ಸ್ವಲ್ಪ ಹಗುರ. ದಿನವಿಡೀ ದುಡಿದು ಬರುವ ದಣಿವು ಸಂಜೆಗೆ ಹೆಚ್ಚುತ್ತದೆ, ಈ ದಣಿವು ಅದಕ್ಕೆ ತಿರುಗುಮುರುಗು. ಡಾಕ್ಟರಿಗೆ ಇದನ್ನು ತಪ್ಪದೆ ಹೇಳಿ. ಇದಕ್ಕೆ ವಿರುದ್ಧವಾಗಿ ವಿಪರೀತ ನಿದ್ದೆ, ವಿಪರೀತ ಹಸಿವು ಆಗುವವರೂ ಇದ್ದಾರೆ.

ಸಕ್ಕರೆ ಕಾಯಿಲೆ ಇರುವವರಲ್ಲಿ ಖಿನ್ನತೆ ಉಳಿದವರಿಗಿಂತ ಸುಮಾರು ಎರಡರಷ್ಟು ಹೆಚ್ಚು. ಮಾತ್ರೆ ಮರೆಯುವುದು, ವಾಕಿಂಗ್ ಬಿಡುವುದು, ಊಟದ ಹೊತ್ತು ತಪ್ಪುವುದು ಸೇರಿ ಸಕ್ಕರೆ ಏರುತ್ತದೆ, ಏರಿದ ಸಕ್ಕರೆ ಮತ್ತಷ್ಟು ಸುಸ್ತು ಮಾಡುತ್ತದೆ. ಹೃದಯಾಘಾತ ಆದವರಲ್ಲೂ ಖಿನ್ನತೆ ಸಾಮಾನ್ಯ, ಚಿಕಿತ್ಸೆ ಇಲ್ಲದಿದ್ದರೆ ಹೃದಯದ ಚೇತರಿಕೆಯೂ ಹಿಂದೆ ಬೀಳುತ್ತದೆ.

ಮೊದಲು ದೇಹದ ಬೇರೆ ಕಾರಣಗಳನ್ನು ನೋಡಿ

ಎಲ್ಲವನ್ನೂ ಖಿನ್ನತೆಯ ತಲೆಗೆ ಕಟ್ಟುವುದೂ ಅಪಾಯವೇ. ಒಮ್ಮೆಗೆ ನಾಲ್ಕು ಪರೀಕ್ಷೆ ಸಾಕು: ಹಿಮೋಗ್ಲೋಬಿನ್, ಥೈರಾಯ್ಡಿನ ಟಿಎಸ್‌ಎಚ್, ರಕ್ತದ ಸಕ್ಕರೆ, ವಿಟಮಿನ್ ಬಿ12. ಥೈರಾಯ್ಡ್ ಕಡಿಮೆಯಾದರೆ ಸುಸ್ತು, ಮಲಬದ್ಧತೆ, ಚಳಿ, ಮಂಕು ಎಲ್ಲವೂ ಖಿನ್ನತೆಯ ಹಾಗೇ ಕಾಣುತ್ತವೆ. ಮಾಂಸಾಹಾರ ಇಲ್ಲದವರಿಗೆ, ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಅನ್ನು ಬಹಳ ವರ್ಷದಿಂದ ನುಂಗುವವರಿಗೆ ಬಿ12 ಕೊರತೆ ಸಾಮಾನ್ಯ. ಪ್ರೆಡ್ನಿಸೊಲೋನ್‌ನಂತಹ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ತಿಳಿಸಿ, ಮನಸ್ಥಿತಿ ಏರುಪೇರಾಗಲು ಅದೂ ಕಾರಣವಾಗುತ್ತದೆ.

ನಡೆಯುವಾಗ ಎದೆ ಹಿಡಿಯುವ ನೋವು, ಮಲದಲ್ಲಿ ರಕ್ತ, ಬಿಡದ ಜ್ವರ, ಒಂದು ಕಡೆಯ ಕೈಕಾಲು ಸೋಲುವುದು, ಹೇಳದೆ ಕೇಳದೆ ಇಳಿಯುವ ತೂಕ: ಇವನ್ನು ಖಿನ್ನತೆ ಎಂದು ಸುಮ್ಮನೆ ಬಿಡಬೇಡಿ. ಪರೀಕ್ಷೆ ಸರಿ ಬಂದ ಮೇಲೆ ಮಾತ್ರ ಅದೇ ಸ್ಕ್ಯಾನಿಂಗ್ ಅನ್ನು ಬೇರೆ ಬೇರೆ ಆಸ್ಪತ್ರೆಯಲ್ಲಿ ಮಾಡಿಸುತ್ತಾ ತಿರುಗಬೇಡಿ. ಅದರಲ್ಲಿ ತಿಂಗಳುಗಳೂ ದುಡ್ಡೂ ಹೋಗುತ್ತವೆ, ಕಾಯಿಲೆ ಬಲಿಯುತ್ತದೆ.

ಡಾಕ್ಟರಿಗೆ ಹೇಳುವ ರೀತಿ

ಎರಡು ವಾರಕ್ಕಿಂತ ಹೆಚ್ಚು ದಿನ, ಬಹುಪಾಲು ಹೊತ್ತು, ಮೊದಲು ಇಷ್ಟವಿದ್ದದ್ದರಲ್ಲಿ ಆಸಕ್ತಿ ಇಲ್ಲ ಅಥವಾ ಮನಸ್ಸು ಕುಸಿದಿದೆ ಎಂದಾದರೆ ಹೋಗಲೇಬೇಕು. ಹೊರರೋಗಿ ವಿಭಾಗದಲ್ಲಿ ಸಿಗುವುದು ಕೆಲವೇ ನಿಮಿಷ. "ಸುಸ್ತು ಸಾರ್" ಎಂದರೆ ಟಾನಿಕ್ ಬರೆದು ಕಳಿಸುತ್ತಾರೆ. ಮನೆಯಲ್ಲೇ ಚೀಟಿಯಲ್ಲಿ ಬರೆದುಕೊಂಡು ಹೀಗೆ ಓದಿ: "ಸಾರ್, ಮೂರು ವಾರದಿಂದ ಬೆಳಗಿನ ಜಾವ ಎಚ್ಚರ ಆಗ್ತಿದೆ. ಊಟ ಅರ್ಧ ಆಗಿದೆ. ಯಾವುದರಲ್ಲೂ ಮನಸ್ಸಿಲ್ಲ. ಟೆಸ್ಟ್ ಎಲ್ಲ ನಾರ್ಮಲ್ ಬಂದಿದೆ. ಇದು ಡಿಪ್ರೆಶನ್ ಇರಬಹುದಾ?" ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡದಷ್ಟು ಹುಮ್ಮಸ್ಸು, ಮಿತಿಮೀರಿದ ಖರ್ಚು, ಮಾತಿನ ಅಬ್ಬರ ಬಂದಿದ್ದರೆ ಅದನ್ನೂ ಹೇಳಿ. ಹಾಗಿದ್ದಲ್ಲಿ ಅದು ಬೈಪೋಲಾರ್ ಎಂಬ ಬೇರೆ ಕಾಯಿಲೆ ಇರಬಹುದು, ಅದಕ್ಕೆ ಮಾತ್ರೆಯೂ ಬೇರೆ.

ಎಲ್ಲಿಗೆ ಹೋಗುವುದು? ಮನೋವೈದ್ಯರ ಸೇವೆ ಜಿಲ್ಲಾ ಆಸ್ಪತ್ರೆಯಲ್ಲಿ ಇದೆ. ಕರ್ನಾಟಕ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಅವರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೂ ಬರುತ್ತಾರೆ, ನಿಮ್ಮ ಊರಿನ ದಿನವನ್ನು ಆಸ್ಪತ್ರೆಯಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯದ ಆಸ್ಪತ್ರೆಗಳು ಇದ್ದೇ ಇವೆ. ಹೋಗಲು ಹಿಂಜರಿಕೆ ಇದ್ದರೆ 14416 ಕ್ಕೆ ಫೋನ್ ಮಾಡಿ. 2022 ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಇದು, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ನಿದ್ದೆ, ಊಟ, ನಡಿಗೆ

ನಿದ್ದೆಗೆ ಮಲಗುವ ಹೊತ್ತಿಗಿಂತ ಏಳುವ ಹೊತ್ತು ಮುಖ್ಯ. ರಾತ್ರಿ ಎಷ್ಟೇ ಕೆಟ್ಟಿರಲಿ, ಒಂದೇ ಹೊತ್ತಿಗೆ, ಉದಾಹರಣೆಗೆ ಆರೂವರೆಗೆ ಏಳಿ. ಎದ್ದ ಅರ್ಧ ಗಂಟೆಯೊಳಗೆ ಜಗಲಿಗೋ ಟೆರೇಸಿಗೋ ಹೋಗಿ ಹತ್ತು ನಿಮಿಷ ಬೆಳಕಿನಲ್ಲಿ ಕೂರಿ. ಹಾಸಿಗೆಯಲ್ಲಿ ಸುಮಾರು ಇಪ್ಪತ್ತು ನಿಮಿಷ ನಿದ್ದೆ ಬಾರದಿದ್ದರೆ ಎದ್ದು ಬೇರೆ ಕಡೆ ಕೂರಿ, ಕಣ್ಣು ತೂಗಿದಾಗ ಮರಳಿ ಬನ್ನಿ. ಗಡಿಯಾರ ನೋಡಬೇಡಿ. ಮಧ್ಯಾಹ್ನ ಎರಡರ ಮೇಲೆ ಕಾಫಿ, ಟೀ ಬೇಡ, ಕುಡಿದ ಕೆಫೀನಿನ ಅರ್ಧ ಭಾಗ ಐದು ಗಂಟೆಯಾದರೂ ರಕ್ತದಲ್ಲೇ ಇರುತ್ತದೆ. ಮದ್ಯ ಬೇಗ ನಿದ್ದೆ ತರಿಸಿ ನಡುರಾತ್ರಿ ಎಬ್ಬಿಸುತ್ತದೆ, ಖಿನ್ನತೆಯನ್ನೂ ಹೆಚ್ಚಿಸುತ್ತದೆ. ಮೆಡಿಕಲ್ ಸ್ಟೋರಿನಿಂದ ಚೀಟಿ ಇಲ್ಲದೆ ಅಲ್ಪ್ರಾಜೋಲಾಮ್ ಎಂಬ ನಿದ್ದೆ ಮಾತ್ರೆ ತಂದು ನುಂಗುವ ರೂಢಿ ಬಹಳ ಕಡೆ ಇದೆ. ಅದಕ್ಕೆ ಕೆಲವೇ ವಾರದಲ್ಲಿ ಚಟ ಹತ್ತುತ್ತದೆ, ಖಿನ್ನತೆ ಹಾಗೇ ಉಳಿಯುತ್ತದೆ.

ಹಸಿವಿಲ್ಲದವರಿಗೆ ತಟ್ಟೆ ತುಂಬ ಬಡಿಸಿದರೆ ನೋಡಿಯೇ ಎದ್ದುಬಿಡುತ್ತಾರೆ. ಮೂರು ನಾಲ್ಕು ಗಂಟೆಗೊಮ್ಮೆ ಒಂದು ಬಟ್ಟಲು ಸಾಕು: ರಾಗಿ ಅಂಬಲಿ, ಮೊಸರನ್ನ, ಹೆಸರುಬೇಳೆ ಪೊಂಗಲ್, ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಒಂದು ಹಿಡಿ ಹುರಿಗಡಲೆ. ಅಡುಗೆಗೆ ಕೈ ಏಳದ ದಿನಕ್ಕೆ ಬಾಳೆಹಣ್ಣು, ಕಡಲೆ ಮನೆಯಲ್ಲಿ ಇರಲೇಬೇಕು. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ಕೊಟ್ಟಿದ್ದರೆ ಅದಕ್ಕೂ ಕಾಫಿಗೂ ಎರಡು ಗಂಟೆ ಅಂತರವಿರಲಿ, ಇಲ್ಲದಿದ್ದರೆ ಮೈ ಕಬ್ಬಿಣವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ.

ನಡಿಗೆಯಲ್ಲೇ ಹೆಚ್ಚು ಜನ ಎಡವುವುದು. "ಮನಸ್ಸು ಬಂದಾಗ ಹೋಗೋಣ" ಎಂದು ಕಾಯುತ್ತಾರೆ. ಖಿನ್ನತೆಯಲ್ಲಿ ಮನಸ್ಸು ಮೊದಲು ಬರುವುದಿಲ್ಲ, ಮೈ ಅಲುಗಿದ ಮೇಲೆ ಬರುತ್ತದೆ. ಇನ್ನೊಂದು ತಪ್ಪು, ಹಗುರವೆನಿಸಿದ ದಿನ ಒಂದು ಗಂಟೆ ನಡೆದು, ಬಟ್ಟೆ ಒಗೆದು, ಅಟ್ಟ ಗುಡಿಸಿ, ಮರುದಿನ ನೆಲ ಹಿಡಿಯುವುದು. ಅದರಿಂದ "ನನ್ನ ಕೈಲಾಗಲ್ಲ" ಎಂಬ ಭಾವನೆ ಇನ್ನೂ ಗಟ್ಟಿಯಾಗುತ್ತದೆ. ಮೊದಲ ವಾರ ಬರೀ ಐದು ನಿಮಿಷ, ಬೀದಿಯ ತುದಿವರೆಗೆ. ಒಳ್ಳೆಯ ದಿನವೂ ಐದೇ, ಕೆಟ್ಟ ದಿನವೂ ಐದೇ. ಪ್ರತಿ ವಾರ ಐದು ನಿಮಿಷ ಸೇರಿಸಿದರೆ ಆರನೇ ವಾರಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಸಾಕು. ಹೊರಡುವ ಮುಂಚೆ ಒಂದು ನೋಟ್‌ಬುಕ್ಕಿನಲ್ಲಿ ಮೈಗೆ ಎಷ್ಟು, ಮನಸ್ಸಿಗೆ ಎಷ್ಟು ಎಂದು ಹತ್ತಕ್ಕೆ ಅಂಕ ಕೊಡಿ, ಬಂದ ಮೇಲೆ ಮತ್ತೆ ಕೊಡಿ. ಎರಡರಿಂದ ಮೂರಕ್ಕೆ ಏರಿದ್ದು ಮನಸ್ಸಿಗೆ ತಿಳಿಯದೆ ಹೋಗಬಹುದು, ಹಾಳೆಯಲ್ಲಿ ಕಾಣುತ್ತದೆ.

ಮನೆಯವರು "ಮನಸ್ಸು ಗಟ್ಟಿ ಮಾಡ್ಕೋ" ಎನ್ನುವುದು ಪ್ರೀತಿಯಿಂದಲೇ, ಆದರೆ ಕೇಳುವವರಿಗೆ ಅದು ಆರೋಪದ ಹಾಗೆ ನಾಟುತ್ತದೆ. ಅದರ ಬದಲು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತು "ಬಾ, ಇಬ್ಬರೂ ಹೋಗಿ ಹಾಲು ತರೋಣ" ಎಂದರೆ ಆಯಿತು.

ಮಾತ್ರೆ ಬರೆದರೆ

ಎಸಿಟಲೋಪ್ರಾಮ್, ಸರ್ಟ್ರಲೀನ್, ಫ್ಲುಒಕ್ಸೆಟೀನ್ ಸಾಮಾನ್ಯವಾಗಿ ಮೊದಲು ಕೊಡುವ ಮಾತ್ರೆಗಳು. ಇವಕ್ಕೆ ಚಟ ಹತ್ತುವುದಿಲ್ಲ. ತೊಡಕು ಏನೆಂದರೆ, ವಾಕರಿಕೆ, ತಲೆನೋವು, ಚಡಪಡಿಕೆ ಮೊದಲ ವಾರವೇ ಬರುತ್ತವೆ, ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಹಾಗಾಗಿ ಎಷ್ಟೋ ಜನ ಎಂಟನೇ ದಿನವೇ "ಇದು ನನಗೆ ಹಿಡಿಸಲ್ಲ" ಎಂದು ಬಿಟ್ಟುಬಿಡುತ್ತಾರೆ. ಊಟದ ಜೊತೆ ನುಂಗಿದರೆ ವಾಕರಿಕೆ ಕಡಿಮೆ, ಒಂದೆರಡು ವಾರದಲ್ಲಿ ತಾನೇ ಇಳಿಯುತ್ತದೆ. ಮಾತ್ರೆ ನಡೆಯುವಾಗ ಮೈಕೈ ನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ಅನ್ನು ಕೇಳದೆ ನುಂಗಬೇಡಿ, ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

25 ವರ್ಷಕ್ಕಿಂತ ಚಿಕ್ಕವರಿಗೆ ಮೊದಲ ಕೆಲವು ವಾರ ಸಾಯುವ ಯೋಚನೆ ಹೆಚ್ಚಬಹುದು, ಮನೆಯವರು ಹತ್ತಿರವೇ ಇರಬೇಕು. ಯಾರೇ ಆಗಲಿ "ಬದುಕು ಸಾಕು" ಎಂದರೆ ಹಗುರವಾಗಿ ತಳ್ಳದೆ "ಸಾಯಬೇಕು ಅಂತ ಅನಿಸ್ತಿದೆಯಾ?" ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವತ್ತೇ ಕೀಟನಾಶಕದ ಡಬ್ಬಿ, ಉಳಿದ ಮಾತ್ರೆಗಳನ್ನು ಮನೆಯಿಂದ ಆಚೆ ಸಾಗಿಸಿ, ಅವರನ್ನು ಒಂಟಿಯಾಗಿ ಬಿಡಬೇಡಿ, 14416 ಕ್ಕೆ ಕರೆ ಮಾಡಿ. ಏನನ್ನಾದರೂ ಸೇವಿಸಿದ್ದರೆ ವಾಂತಿ ಮಾಡಿಸಲು ಹೋಗದೆ 108 ಕರೆಯಿರಿ, ಕುಡಿದ ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಿರಿ.

ಪೂರ್ತಿ ಹುಷಾರಾದ ಮೇಲೂ ಆರರಿಂದ ಒಂಬತ್ತು ತಿಂಗಳು ಮಾತ್ರೆ ಮುಂದುವರಿಯಬೇಕು. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಕರೆಂಟ್ ಹೊಡೆದಂತಹ ಜುಮ್, ನಿದ್ದೆಗೇಡು ಬರುತ್ತವೆ. ಡಾಕ್ಟರು ಹೇಳಿದ ಹಾಗೆ ವಾರಗಟ್ಟಲೆ ತೆಗೆದುಕೊಂಡು ಇಳಿಸಬೇಕು. ನಿಲ್ಲಿಸುವ ಮುನ್ನ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ನಿಮ್ಮ ಕಾಯಿಲೆ ಶುರುವಾದ ಮೊದಲ ಗುರುತುಗಳನ್ನು ಬರೆದಿಡಿ: ಬೆಳಗಿನ ಜಾವದ ಎಚ್ಚರ, ಕತ್ತಿನ ಬಿಗಿ, ಸ್ನಾನ ಮುಂದೂಡುವುದು, ಫೋನ್ ಎತ್ತದಿರುವುದು, ಯಾವುದೋ ಅದು. ಅವುಗಳಲ್ಲಿ ಎರಡು ಒಂದು ವಾರ ಉಳಿದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಡಾಕ್ಟರನ್ನು ನೋಡಿ.