‘ಔಟ್‌ಸ್ಟ್ಯಾಂಡಿಂಗ್’ ಕಂಡರೆ ಹಿಗ್ಗಬೇಕೋ, ಹೆದರಬೇಕೋ?

ಪಕ್ಕದ ಮನೆ ಅಂಕಲ್ ಒಂದು ಸಂಜೆ ಮೊಬೈಲ್ ಹಿಡಿದು ಬಂದರು. ಗೃಹಸಾಲದ ಆಪ್‌ನಲ್ಲಿ ‘ಔಟ್‌ಸ್ಟ್ಯಾಂಡಿಂಗ್ 14 ಲಕ್ಷ’ ಅಂತ ಇತ್ತು. ‘ಒಂದು ಕಂತೂ ತಪ್ಪಿಸಿಲ್ಲ ಕಣಮ್ಮ, ಇದ್ಯಾವ ಬಾಕಿ?’ ಅಂತ ಕಂಗಾಲಾಗಿದ್ದರು. ಈ ಪದ ಓದಿ ಹೀಗೆ ಎಡವುವವರನ್ನು ನೋಡಿ ನೋಡಿ ಸಾಕಾಗಿದೆ.

ಹೆಜ್ಜೆ 1: ಪಕ್ಕದ ಪದ ನೋಡಿ. ‘ಔಟ್’, ‘ಸ್ಟ್ಯಾಂಡಿಂಗ್’ ಸೇರಿ ಆದ ಪದ ಇದು. ಎದ್ದು ಕಾಣುವುದು ಒಂದು ಅರ್ಥ, ತೀರದೆ ಉಳಿದಿರುವುದು ಇನ್ನೊಂದು. ಜೊತೆಗೆ ಆಟ, ಹಾಡು, ವಿದ್ಯಾರ್ಥಿ ಇದ್ದರೆ ಹೊಗಳಿಕೆ. ಕೇಂದ್ರ ಸರ್ಕಾರಿ ನೌಕರರ ವಾರ್ಷಿಕ ವರದಿಯಲ್ಲಿ 10ಕ್ಕೆ 8 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸಿಗುವ ದರ್ಜೆಯ ಹೆಸರೂ ಇದೇ. ಜೊತೆಗೆ ಸಾಲ, ಬಿಲ್ಲು ಇದ್ದರೆ ದುಡ್ಡಿನ ಮಾತು. ಒಂದು ಸಾಲದ ಆಪ್ ನನಗೆ ‘ನಿಮ್ಮ ಅತ್ಯುತ್ತಮ ಮೊತ್ತವನ್ನು ಪಾವತಿಸಿ’ ಅಂತ ಮೆಸೇಜ್ ಕಳಿಸಿತ್ತು! ಇಂಥ ಯಂತ್ರದ ಕನ್ನಡಕ್ಕಿಂತ, ಬೇಜಾರಾದರೂ ಸರಿ, ಆಪ್‌ನ ಭಾಷೆಯನ್ನು ಇಂಗ್ಲಿಷಿಗೇ ಬದಲಾಯಿಸಿ ಓದಿ.

ಹೆಜ್ಜೆ 2: ‘ಓವರ್‌ಡ್ಯೂ’ ಬೇರೆ ಅಂತ ನೆನಪಿಡಿ. ತೀರಿಸಲು ಉಳಿದಿದ್ದೆಲ್ಲ ಔಟ್‌ಸ್ಟ್ಯಾಂಡಿಂಗ್. ಅದರಲ್ಲಿ ಗಡುವು ಮೀರಿದ್ದು ಮಾತ್ರ ಓವರ್‌ಡ್ಯೂ. ಅಂಕಲ್ ನೋಡಿದ್ದು ಉಳಿದ ಅಸಲು, ಅಷ್ಟೇ. ನಾವು ಎರಡಕ್ಕೂ ‘ಬಾಕಿ’ ಅಂದುಬಿಡುತ್ತೇವೆ, ಎಡವಟ್ಟು ಶುರುವಾಗುವುದೇ ಅಲ್ಲಿ. ಸಾಲ ಪೂರ್ತಿ ಮುಗಿಸುವುದಾದರೆ ಮಾತ್ರ ಈ ಅಂಕಿ ಸಾಲದು. ಆ ದಿನದವರೆಗಿನ ಬಡ್ಡಿಯೂ ಸೇರುತ್ತದೆ. ಬ್ಯಾಂಕಿನಿಂದ ಲೆಕ್ಕ ಬರೆಸಿಕೊಳ್ಳಿ.

ಹೆಜ್ಜೆ 3: ಕ್ರೆಡಿಟ್ ಕಾರ್ಡ್. ಜಾಸ್ತಿ ಜನ ಬೀಳುವುದು ಇಲ್ಲೇ, ನಿಧಾನವಾಗಿ ಓದಿ. ಬಿಲ್ಲು 5ನೇ ತಾರೀಖು ಬಂತು ಅಂದುಕೊಳ್ಳಿ. ‘ಟೋಟಲ್ ಅಮೌಂಟ್ ಡ್ಯೂ’ 18,000 ರೂಪಾಯಿ, ಕಟ್ಟಲು 25 ಕೊನೆ ದಿನ. ನಡುವೆ ಸೀರೆ ಅಂಗಡಿಯಲ್ಲಿ 4,500ಕ್ಕೆ ಕಾರ್ಡ್ ಉಜ್ಜಿದಿರಿ. 20ಕ್ಕೆ ಆಪ್ ತೆರೆದರೆ ಔಟ್‌ಸ್ಟ್ಯಾಂಡಿಂಗ್ 22,500! ಗಾಬರಿ ಬೇಡ. 25ರೊಳಗೆ ಕಟ್ಟಬೇಕಾದ್ದು 18,000 ಮಾತ್ರ. ಸೀರೆಯದು ಮುಂದಿನ ಬಿಲ್ಲಿಗೆ. ಫೋನನ್ನು ಇಎಂಐ ಮೇಲೆ ಕೊಂಡಿದ್ದರೆ ಮುಂದಿನ ಕಂತುಗಳ ಅಸಲನ್ನೂ ಕೆಲವು ಬ್ಯಾಂಕುಗಳು ಈ ಔಟ್‌ಸ್ಟ್ಯಾಂಡಿಂಗ್ ಮೊತ್ತಕ್ಕೇ ಸೇರಿಸಿ ತೋರಿಸುತ್ತವೆ.

ಕೆಳಗೆ ‘ಮಿನಿಮಮ್ ಡ್ಯೂ’ ಅಂತ ಇನ್ನೊಂದು ಸಣ್ಣ ಮೊತ್ತ ಇರುತ್ತದೆ. ಅದನ್ನು ಕಣ್ಣೆತ್ತಿಯೂ ನೋಡಬೇಡಿ. ಅಷ್ಟೇ ಕಟ್ಟಿದರೆ ಲೇಟ್ ಫೀ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ಹೊಸದಾಗಿ ಕೊಂಡ ಸೀರೆಗೂ ಬಡ್ಡಿಯಿಲ್ಲದ ದಿನಗಳು ಕೈತಪ್ಪುತ್ತವೆ. ಗಡುವಿನ ಮೇಲೆ 3 ದಿನ ದಾಟಿದ ನಂತರವೇ ಲೇಟ್ ಫೀ ಹಾಕಬೇಕು ಅಂತ ರಿಸರ್ವ್ ಬ್ಯಾಂಕಿನ 2022ರ ನಿಯಮ ಇದೆ. ಅದನ್ನು ನಂಬಿಕೊಂಡು ಸುಮ್ನೆ ಕೂರಬೇಡಿ. ನಾನಂತೂ ಬಿಲ್ಲಿನ ಪೂರ್ತಿ ಮೊತ್ತಕ್ಕೆ ಆಟೋ ಡೆಬಿಟ್ ಹಾಕಿಬಿಟ್ಟಿದ್ದೇನೆ.

ಹೆಜ್ಜೆ 4: ಈ ಪದ ಚೆಕ್ಕಿನ ಜೊತೆ ಬಂದರೆ, ಬರೆದುಕೊಟ್ಟರೂ ಇನ್ನೂ ಪಾಸಾಗದ ಚೆಕ್ಕು. ಷೇರಿನ ಜೊತೆ ಬಂದರೆ, ಹೂಡಿಕೆದಾರರ ಕೈಯಲ್ಲಿರುವ ಷೇರು. ಸಾಲವೂ ಅಲ್ಲ, ಹೊಗಳಿಕೆಯೂ ಅಲ್ಲ.

ಹೆಜ್ಜೆ 5: ನೀವೇ ಬರೆಯುವಾಗ. ದುಡ್ಡು ಕೇಳಿ ಇಂಗ್ಲಿಷಿನಲ್ಲಿ ಮೆಸೇಜ್ ಹಾಕುವುದಾದರೆ ‘ಔಟ್‌ಸ್ಟ್ಯಾಂಡಿಂಗ್’ ಮೆತ್ತಗಿನ ಮಾತು. ‘ಓವರ್‌ಡ್ಯೂ’ ಅಂದರೆ ದೂರು ಕೊಟ್ಟಂತೆ. 5ರೊಳಗೆ ಕೊಡಬೇಕಾದ ಬಾಡಿಗೆಗೆ 2ನೇ ತಾರೀಖೇ ‘ಓವರ್‌ಡ್ಯೂ’ ಅಂತ ಬರೆದು ನೋಡಿ, 3ಕ್ಕೆ ಬಾಡಿಗೆಯವರು ಬಾಗಿಲಲ್ಲಿ ಇರುತ್ತಾರೆ. ಬಾಡಿಗೆ ಕೊಡಲಿಕ್ಕಲ್ಲ.