ಜಲಪಾತಕ್ಕೆ ಹೊರಟಿರಾ? ವಾಪಸ್ ಬರುವ ಹೊತ್ತಿನಿಂದ ಲೆಕ್ಕ ಹಾಕಿ

ಜಲಪಾತ ಅಂದ ಕೂಡಲೇ ಮನೆಯಲ್ಲಿ ಏಳುವ ಪ್ರಶ್ನೆ 'ಎಷ್ಟು ಹೊತ್ತಿಗೆ ಹೊರಡೋಣ?' ನಾನೂ ಹಾಗೇ ಕೇಳುತ್ತಿದ್ದವನು. ಒಮ್ಮೆ ಮಧ್ಯಾಹ್ನ ಮೂರಕ್ಕೆ ಕಣಿವೆಗೆ ಇಳಿದು, ವಾಪಸ್ ಹತ್ತುವಾಗ ಕತ್ತಲಾಗಿ, ನಿದ್ದೆಹೋದ ಮಗಳನ್ನು ಹೆಗಲಿಗೆ ಹಾಕಿಕೊಂಡು ಮೊಬೈಲ್ ಬೆಳಕಿನಲ್ಲಿ ತಡವರಿಸಿದ ಮೇಲೆ ಪ್ರಶ್ನೆ ಬದಲಾಯಿತು. ವಾಪಸ್ ಗಾಡಿ ಹತ್ತುವುದು ಎಷ್ಟು ಹೊತ್ತಿಗೆ?

ಮೊದಲು ಗಡಿಯಾರ

ಸೂರ್ಯ ಮುಳುಗುವ ಹೊತ್ತು ನೋಡಿಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸಿ. ಕಣಿವೆಯಲ್ಲಿ ಬಯಲಿಗಿಂತ ಬೇಗ ಮಬ್ಬಾಗುತ್ತದೆ. ನಡಿಗೆಗೆ ಎಷ್ಟು ಹೊತ್ತು? ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಲೆಕ್ಕವನ್ನು ಚಾರಣಿಗರು ಈಗಲೂ ಬಳಸುತ್ತಾರೆ: ಸುಮಾರು 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದು ಗಟ್ಟಿ ಕಾಲಿನವರ ಲೆಕ್ಕ. ಚಿಕ್ಕ ಮಕ್ಕಳು, ಮಂಡಿನೋವಿನ ಅಜ್ಜಿ ಜೊತೆಗಿದ್ದರೆ ಸುಮ್ನೆ ಎರಡರಷ್ಟು ಮಾಡಿಬಿಡಿ. ಬೆಟ್ಟವಾದರೆ ಹತ್ತುವ ಕಷ್ಟ ಮೊದಲೇ ಮುಗಿದಿರುತ್ತದೆ. ಜಲಪಾತದಲ್ಲಿ ಎಷ್ಟೋ ಕಡೆ ಉಲ್ಟಾ; ದಣಿದ ಮೇಲೇ ಹತ್ತಬೇಕು. ಇಳಿಯುವಾಗಿನ ಹುಮ್ಮಸ್ಸನ್ನು ನಂಬಬೇಡಿ.

ಆಮೇಲೆ ದಿನ

ಮಳೆಗಾಲ ಮುಗಿದ ಮೊದಲ ಕೆಲವು ವಾರ ಒಳ್ಳೆಯದು. ನೀರೂ ಇರುತ್ತದೆ, ದಾರಿಯೂ ಸ್ವಲ್ಪ ಒಣಗಿರುತ್ತದೆ. ಹವಾಮಾನ ನೋಡುವಾಗ ಜಲಪಾತದ ಜಾಗ ಒಂದನ್ನೇ ನೋಡಿದರೆ ಸಾಲದು. ನೀರು ಹರಿದು ಬರುವ ಮೇಲಿನ ಬೆಟ್ಟಗಳಲ್ಲಿ ಮಳೆ ಇದೆಯಾ, ಅದನ್ನು ನೋಡಿ. ನಿಮ್ಮ ತಲೆ ಮೇಲೆ ಬಿಸಿಲಿದ್ದಾಗಲೂ ಹೊಳೆ ಏರಬಹುದು. ಮೇಲೆ ಅಣೆಕಟ್ಟು ಇದ್ದರೆ ನೀರು ಬಿಡುವ ಸಮಯ ವಿಚಾರಿಸಿ.

ನೀರಿನ ಹತ್ತಿರ

ಇಲ್ಲಿ ಸ್ವಲ್ಪ ಜಾಸ್ತಿ ಹೇಳಬೇಕು. ಈಜು ಬರುತ್ತದೆ ಅನ್ನುವವರೇ ಜಲಪಾತದ ಬುಡದಲ್ಲಿ ಮೋಸ ಹೋಗುವುದು. ಅಲ್ಲಿನ ಬೆಳ್ಳನೆ ನೊರೆಯಲ್ಲಿ ಗಾಳಿ ತುಂಬಿರುತ್ತದೆ. ಅದು ಸಾಮಾನ್ಯ ನೀರಿನಷ್ಟು ನಿಮ್ಮನ್ನು ತೇಲಿಸುವುದಿಲ್ಲ. ಬೀಳುವ ನೀರು ತಳಕ್ಕೆ ಹೋಗಿ ಮತ್ತೆ ಧಾರೆಯ ಕಡೆಗೇ ಸುತ್ತಿಕೊಳ್ಳುವುದರಿಂದ ಸಿಕ್ಕಿದವರನ್ನೂ ಒಳಕ್ಕೆಳೆಯುತ್ತದೆ. ನೀರು ತೀರಾ ತಣ್ಣಗಿದ್ದರೆ ಬಿದ್ದ ಕ್ಷಣದಲ್ಲೇ ಉಸಿರು ಎಳೆದುಕೊಂಡು ನೀರು ಕುಡಿಯುವ ಅಪಾಯವೂ ಇದೆ. ಆದ್ದರಿಂದ ಬುಡದ ಗುಂಡಿಗೆ ಇಳಿಯಬೇಡಿ. ನೆತ್ತಿಯ ಅಂಚಿಗಂತೂ ಹೋಗಲೇಬೇಡಿ. ಒದ್ದೆ ಬಂಡೆಯ ಪಾಚಿ ಕಣ್ಣಿಗೆ ಕಾಣುವುದಿಲ್ಲ, ಕಾಲಿಗೇ ಗೊತ್ತಾಗುವುದು.

ತಿಳಿ ನೀರು ಕೆಂಪಗಾಯಿತಾ? ಕಡ್ಡಿ, ಎಲೆ ಜಾಸ್ತಿ ತೇಲಿ ಬರುತ್ತಿವೆಯಾ? ಸದ್ದು ದಪ್ಪವಾಯಿತಾ? ಚೀಲ ಹುಡುಕುತ್ತ ನಿಲ್ಲಬೇಡಿ. ಹೊಳೆಯ ಗುಂಟ ಓಡದೆ, ಪಕ್ಕದ ಎತ್ತರಕ್ಕೆ ಹತ್ತಿ.

ಮಕ್ಕಳನ್ನು 'ಎಲ್ಲರೂ ನೋಡಿಕೊಳ್ಳೋಣ' ಅಂದರೆ ಯಾರೂ ನೋಡುವುದಿಲ್ಲ, ಅಲ್ವಾ? ಅರ್ಧ ಗಂಟೆಗೆ ಒಬ್ಬರಂತೆ ಪಾಳಿ ಹಾಕಿ. ಪಾಳಿಯವರ ಕೈಯಲ್ಲಿ ಫೋನ್ ಇರಬಾರದು. ಮುಳುಗುವವರು ಹೆಚ್ಚಾಗಿ ಕೂಗುವುದಿಲ್ಲ. ಉಸಿರಾಡುವುದಕ್ಕೇ ಆಗದಾಗ ಕೂಗುವುದೆಲ್ಲಿ ಬಂತು? ಯಾರಾದರೂ ಬಿದ್ದರೆ ಹಿಂದೆಯೇ ಹಾರಬೇಡಿ. ಹಗ್ಗ, ಉದ್ದನೆ ಕೊಂಬೆ, ಮುಚ್ಚಳ ಬಿಗಿದ ಖಾಲಿ ಕ್ಯಾನ್, ಹೀಗೆ ಏನಾದರೂ ಚಾಚಿ ಅಥವಾ ಎಸೆಯಿರಿ.

ಚೀಲ

ತಿಂಡಿ ವಿಚಾರ ನಿಮ್ಮ ಮನೆಗೆ ಬಿಟ್ಟಿದ್ದು. ಹಿಡಿತ ಇರುವ ಬೂಟು, ಕುಡಿಯುವ ನೀರು, ಟಾರ್ಚ್, ಹಗ್ಗ, ಗಾಯಕ್ಕೆ ಪಟ್ಟಿ, ಕಸ ತುಂಬಿ ತರಲು ಖಾಲಿ ಚೀಲ ಬೇಕು. ಒಣ ಬಟ್ಟೆಯನ್ನು ಗಾಡಿಯಲ್ಲೇ ಬಿಡಿ. ಕೆಳಗೆ ಒಯ್ದರೆ ಅದೂ ನೆನೆಯುತ್ತದೆ. ಫೋನ್ ಸಿಗ್ನಲ್ ಸಿಗದಿರಬಹುದು. ಎಲ್ಲಿ ಹೋಗುತ್ತೀರಿ, ಯಾವಾಗ ಬರುತ್ತೀರಿ ಎಂದು ಒಬ್ಬರಿಗೆ ಹೇಳಿ ಹೋಗಿ.

ಕಾಮನಬಿಲ್ಲಿಗೆ ಹದಿನೈದು ನಿಮಿಷ

ಸೂರ್ಯ ಬೆನ್ನ ಹಿಂದಿರಬೇಕು, ಎದುರಿಗೆ ತುಂತುರು ಇರಬೇಕು. ನಿಮ್ಮ ನೆರಳಿನ ತಲೆ ಇರುವ ದಿಕ್ಕಿನಿಂದ ಸುಮಾರು 42 ಡಿಗ್ರಿ ದೂರದಲ್ಲಿ ಬಿಲ್ಲು ಮೂಡುತ್ತದೆ. ಪೂರ್ವಕ್ಕೆ ಮುಖ ಮಾಡಿದ ಜಲಪಾತವಾದರೆ ಬೆಳಿಗ್ಗೆಯೇ ಸರಿಯಾದ ಹೊತ್ತು. ಪ್ರತಿಯೊಬ್ಬರ ಕಣ್ಣಿಗೂ ಕಾಣುವ ಬಿಲ್ಲು ಬೇರೆ ಬೇರೆ ಹನಿಗಳದ್ದು ಎಂದು ಮಕ್ಕಳಿಗೆ ಹೇಳಿದರೆ, 'ನನ್ನದೇ ದೊಡ್ಡದು' ಎಂಬ ಜಗಳ ಶುರುವಾಗುತ್ತದೆ. ಅದಕ್ಕೂ ಹತ್ತು ನಿಮಿಷ ಸೇರಿಸಿಕೊಳ್ಳಿ.